ಕಾಲುಚೀಲ ತೊಟ್ಟ ಬಾರ್ಬರೆಸ್ಕೊ

ತಮ್ಮ ನಾಲಿಗೆಗೆ ಮನೆಯಲ್ಲಿ ಕವಡೆ ಕಿಮ್ಮತ್ತೂ ಇಲ್ಲ ಎಂಬುದು ಓರೆಸ್ತೆಯವರ ಬಹುದಿನದ ಕೊರಗು. ಜಿಲ್ಲೆಯ ವೈನ್ ಪರೀಕ್ಷಾ ಮಂಡಳಿಯಲ್ಲಿ ಹದಿನೆಂಟು ವರ್ಷ ಕೂತವರು ಅವರು. ಯಾವ ವೈನಿಗೆ ಡಿ.ಓ.ಸಿ.ಜಿ. ಎಂಬ ಪರಮೋಚ್ಚ ಪದವಿ, ಯಾವುದಕ್ಕೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ಯಾವುದು ಬರೀ ಊಟದ ಜೊತೆಗಿನ ಪಾಮರ ವೈನು ಎಂದು ಬಾಯಿ ಮುಕ್ಕಳಿಸಿ ತೀರ್ಪು ಕೊಟ್ಟವರು. ಅಂಥ ಮಹಾನುಭಾವರು ಸೂಪಿಗೆ ಉಪ್ಪು ಕಮ್ಮಿ ಎಂದರೆ ಹೆಂಡತಿ ಎರ್ಸೀಲಿಯಾ, “ಉಪ್ಪು ಸರಿಯಾಗೇ ಇದೆ, ಕಮ್ಮಿ ಆಗಿರೋದು ನಿಮ್ಮ ರುಚಿ” ಎಂದು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು.

ಮಗಳು ನೊಯೆಮಿ ಹುಟ್ಟಿದ ವರ್ಷ ತಮ್ಮದೇ ಗುಡ್ಡದ ನೆಬ್ಬಿಯೋಲೊ ದ್ರಾಕ್ಷಿಯಿಂದ ಇಳಿಸಿದ ಬಾರ್ಬರೆಸ್ಕೊ ವೈನನ್ನು, ಒಂದಲ್ಲ ಎರಡಲ್ಲ ಅರವತ್ತು ಬಾಟಲಿ, ಅವಳ ಮದುವೆಗೆಂದೇ ಅವರು ನೆಲಮಾಳಿಗೆಯಲ್ಲಿ ಮಲಗಿಸಿಟ್ಟಿದ್ದರು. ಇಪ್ಪತ್ತನಾಲ್ಕು ವರ್ಷದಲ್ಲಿ ಒಂದರ ಬಿರಡೆಯನ್ನೂ ತೆಗೆದಿರಲಿಲ್ಲ. (ಬಿಷಪ್ಪರೇ ಊಟಕ್ಕೆ ಬಂದಿದ್ದಾಗಲೂ ತೆಗೆಯಲಿಲ್ಲ. ಬಿಷಪ್ಪರು ಮತ್ತೆ ಆ ಕಡೆ ಬರಲಿಲ್ಲ.)

ಈಗ ಮದುವೆಯೇನೋ ಗೊತ್ತಾಯಿತು. ಆದರೆ ಗಂಡು ದೂರದ ತೊಸ್ಕಾನಾ ಪ್ರಾಂತ್ಯದವನು. ಅವನ ಅಪ್ಪ ಫೋಸ್ಕೊ ಸಾಂಜೊವೇಸೆ ದ್ರಾಕ್ಷಿ ಬೆಳೆದು ಕಿಯಾಂತಿ ಎಂಬ ವೈನು ಮಾಡುವ ಮನುಷ್ಯ. “ನಮ್ಮ ಹುಡುಗನ ಮದುವೆಯಲ್ಲಿ ನಮ್ಮ ಕಿಯಾಂತಿ ಇಲ್ಲದಿದ್ರೆ ಹೇಗೆ ಬೀಗರೇ?” ಎಂದು ಫೋನಿನಲ್ಲಿ ರಾಗ ಎಳೆದರು. ಮೂರು ಭಾನುವಾರ ಈ ಫೋನ್ ಕದನ ನಡೆಯಿತು. ನಾಲ್ಕನೆಯದಕ್ಕೆ ಎರ್ಸೀಲಿಯಾ ಫೋನ್ ಕಿತ್ತುಕೊಂಡಳು.

“ಬೀಗರೇ, ಮುಂದಿನ ವಾರ ಊಟಕ್ಕೆ ಬನ್ನಿ. ನಿಮ್ಮದೊಂದು, ಇವರದೊಂದು, ಗೊಂದಲಕ್ಕೆ ಅಂಗಡಿಯದೊಂದು ಬಾಟ್ಲಿ ಇಡ್ತೀನಿ. ಮೂರಕ್ಕೂ ಕಾಲುಚೀಲ ತೊಡಿಸ್ತೀನಿ, ಹೆಸರು ಕಾಣಲ್ಲ. ಮಣ್ಣಿನ ಬಟ್ಟಲಲ್ಲಿ ಕೊಡ್ತೀನಿ, ಬಣ್ಣವೂ ಕಾಣಲ್ಲ. ಇಬ್ಬರೂ ಒಂದನ್ನೇ ಮೆಚ್ಚಿದ್ರೆ ಮದುವೆಗೆ ಅದು. ಇಲ್ದಿದ್ರೆ ನಾನು ಹೇಳಿದ್ದು.”

ಓರೆಸ್ತೆಯವರಿಗೆ ಆ ವಾರವಿಡೀ ನಿದ್ದೆ ಹತ್ತಲಿಲ್ಲ. ಮಗಳ ಜೊತೆ ಹುಟ್ಟಿದ ವೈನು ಮಗಳ ಮದುವೆಗೇ ಇಲ್ಲವೆಂದರೆ ಇಷ್ಟು ವರ್ಷ ಕಾದದ್ದು ಯಾವ ಪುರುಷಾರ್ಥಕ್ಕೆ?

ಭಾನುವಾರ ಬೆಳಿಗ್ಗೆ ಎರ್ಸೀಲಿಯಾ, ಬೀಗರು ಮೊದಲೇ ಕಳಿಸಿದ್ದ ಬಾಟಲಿಯೂ ಸೇರಿ ಮೂರರ ಬಾಯಿ ತೆರೆದು, ಹೊಸ ಉಣ್ಣೆಯ ಬಿಳಿ ಕಾಲುಚೀಲ ತೊಡಿಸಿ, ಒಲೆಯ ಮೇಲಿನ ಮಾಂಸ ನೋಡಲು ಹೋದಳು. ಬಾಟಲಿಗಳನ್ನು ಹಿಂದುಮುಂದು ಮಾಡಿ ಇಡುವುದು ಊಟದ ಹೊತ್ತಿಗೆ; ಅಲ್ಲಿಯವರೆಗೆ ಯಾವುದು ಯಾರದೆಂದು ಇಟ್ಟ ಜಾಗದಿಂದಲೇ ಗೊತ್ತಾಗುತ್ತಿತ್ತು. ಆ ಐದು ನಿಮಿಷದಲ್ಲಿ ಓರೆಸ್ತೆಯವರು ಅವಳ ಹೊಲಿಗೆ ಪೆಟ್ಟಿಗೆ ತೆರೆದು, ಎರಡು ಸಲ ಬೆರಳು ಚುಚ್ಚಿಕೊಂಡು, ತಮ್ಮ ಬಾಟಲಿಯ ಚೀಲದ ಅಂಚಿಗೆ ಒಂದು ಕೆಂಪು ದಾರ ಹೊಲಿದರು. (ಇದು ಮೋಸವಲ್ಲ. ಜಾತ್ರೆಯಲ್ಲಿ ಮಗು ಕಳೆದುಹೋಗದಿರಲೆಂದು ಅಪ್ಪ ಮಾಡಿಕೊಂಡ ಏರ್ಪಾಡು.)

ಬೀಗರು ಬಂದರು, ಅಪ್ಪಿಕೊಂಡರು, ಕೂತರು. ಓರೆಸ್ತೆಯವರು ಗೆಲುವಿನ ಮುಖ ಹೊತ್ತು ಮೇಜಿನತ್ತ ನೋಡಿದರು. ಮೂರು ಬಾಟಲಿ, ಮೂರು ಕಾಲುಚೀಲ, ಮೂರಕ್ಕೂ ಕೆಂಪು ದಾರ.

ಹೆಂಡತಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. “ಏನೇ ಇದು, ಮೂರಕ್ಕೂ ದಾರ?”

“ಒಂದಕ್ಕಿತ್ತು, ಎರಡಕ್ಕಿರ್ಲಿಲ್ಲ. ಬೀಗರ ಮುಂದೆ ಜೋಡಿ ತಪ್ಪಿದ ಚೀಲ ಇಡೋಕಾಗುತ್ತೇನ್ರೀ? ಉಳಿದೆರಡಕ್ಕೂ ನಾನೇ ಹೊಲಿದೆ. ಯಾಕೆ, ಚೆನ್ನಾಗಿಲ್ವಾ?”

“ಚೆನ್ನಾಗಿದೆ” ಎಂದರು ಓರೆಸ್ತೆಯವರು, ಹಲ್ಲು ಕೀಳಿಸಿಕೊಂಡವರ ದನಿಯಲ್ಲಿ.

“ಮೊದಲನೇದನ್ನ ಯಾರು ಹೊಲಿದ್ರೋ, ಹೊಲಿಗೆ ಮಾತ್ರ ದೇವರಿಗೇ ಪ್ರೀತಿ” ಎಂದು ಅವಳು ಸೌಟು ಹಿಡಿದು ಹೊರಟಳು.

ಕೂತಲ್ಲಿಂದ ಹೊಲಿಗೆಯ ಓರೆಕೋರೆ ಕಾಣುವಂತಿರಲಿಲ್ಲ; ಇನ್ನು ನಾಲಿಗೆಯೊಂದೇ ಗತಿ. ಮೊದಲ ಬಟ್ಟಲು ಬಂತು. ಓರೆಸ್ತೆಯವರಿಗೆ ತಮ್ಮ ವೈನು ನೆನಪಿರಲಿಲ್ಲವೇ? ಬಾಯಿಗಿಟ್ಟರೆ ಗುದ್ದಿದಂತಿರಬೇಕು, ಒಗರು ಒಸಡು ಹಿಡಿಯಬೇಕು! ಇದೋ ಮೆತ್ತಗೆ, ಒಣಗಿದ ಗುಲಾಬಿಯ ವಾಸನೆ ಬೇರೆ.

“ಇದಕ್ಕೆ ವಯಸ್ಸಾಗಿದೆ” ಎಂದು ಮಂಡಳಿಯ ಗತ್ತಿನಲ್ಲಿ ಸಾರಿದರು. “ಯಾರೋ ಬುದ್ಧಿ ಇಲ್ಲದವರು ಇಟ್ಟು ಮರೆತಿದ್ದಾರೆ. ಬೀಗರು ತಪ್ಪು ತಿಳೀಬಾರದು, ಇದನ್ನ ವಿನೆಗರ್ ಅಂತ ಸಲಾಡಿಗೆ ಹಾಕಬಹುದು, ಸಲಾಡ್ ಬೇಡ ಅನ್ನದಿದ್ರೆ.”

ಎರಡನೆಯದಕ್ಕೆ ಸುಮ್ಮನೆ ತಲೆಯಾಡಿಸಿದರು. ಮೂರನೆಯದನ್ನು ಕುಡಿದದ್ದೇ ಎದ್ದು ನಿಂತರು. “ಇದು! ಈ ಖಾರ, ಈ ಕಸುವು! ಇದು ನನ್ನ ಗುಡ್ಡದ ಬಿಸಿಲು! ನನ್ನ ಮತ ಇದಕ್ಕೆ!”

ಫೋಸ್ಕೊ ಇನ್ನೂ ಮೊದಲ ಬಟ್ಟಲನ್ನು ಕೆಳಗಿಟ್ಟಿರಲಿಲ್ಲ. ಕಣ್ಣು ಮುಚ್ಚಿ ಇನ್ನೊಂದು ಗುಟುಕು ಕುಡಿದರು. “ನನ್ನ ಮತ ಇದಕ್ಕೆ ಬೀಗರೇ. ನಮ್ಮ ಕಿಯಾಂತಿ ಅಲ್ಲ ಅಂತ ಗೊತ್ತು. ಆದ್ರೂ ಸುಳ್ಳು ಹೇಳೋಕೆ ಬಾಯಿ ಬರ್ತಿಲ್ಲ.”

ಎರ್ಸೀಲಿಯಾ ಮೂರನೆಯ ಚೀಲ ಎಳೆದಳು. ಅಂಗಡಿಯ ಕೆಳಗಿನ ಕಪಾಟಿನ ಬಾಟಲಿ, ಪಾಮರರಲ್ಲಿ ಪಾಮರ. ಕೊರಳಲ್ಲಿ ಸರ್ಕಾರದ ಕಾಗದಪಟ್ಟಿಯೂ ಇಲ್ಲ, ಬಾಯಿ ಸೋಡಾ ಬಾಟಲಿಯಂತೆ ತಿರುಪಿನದು. ಮೊದಲನೆಯ ಚೀಲ ಎಳೆದಳು. ಡಿ.ಓ.ಸಿ.ಜಿ. ಪಟ್ಟಿ, ಅದರ ಕೆಳಗೆ ಓರೆಸ್ತೆಯವರದೇ ಕೈಬರಹದಲ್ಲಿ ನೊಯೆಮಿ ಹುಟ್ಟಿದ ವರ್ಷ.

ಮೇಜಿನ ತುದಿಯಲ್ಲಿ ಕೂತಿದ್ದ ನೊಯೆಮಿಗೆ ತಡೆಯಲಾಗದೆ ನಗು ಬಂತು. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು ಬಂದು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. “ಅಪ್ಪಾ, ನೀನು ಅದನ್ನ ಕೊನೇ ಸಲ ಕುಡಿದಾಗ ನಾನು ತೊಟ್ಟಿಲಲ್ಲಿದ್ದೆ. ಅದೂ ದೊಡ್ಡದಾಗಿರಲ್ವಾ?”

ಓರೆಸ್ತೆಯವರು ಬಾಟಲಿಯ ಮೇಲಿನ ವರ್ಷವನ್ನು ಬೆರಳಿನಿಂದ ಸವರಿದರು. ಮಗಳು ಬೆಳೆದದ್ದು ಅವರಿಗೆ ಗೊತ್ತಿತ್ತು, ಆದರೆ ಕೆಳಗೆ ಕತ್ತಲಲ್ಲಿ ಮಲಗಿದ್ದ ವೈನು ಮಾತ್ರ ಅವರ ಪಾಲಿಗೆ ಅಂದಿನ ಕೈಕಾಲು ಬಡಿಯುವ ಕೂಸಾಗಿಯೇ ಉಳಿದಿತ್ತು.

“ಒಮ್ಮತ ಆಗಲಿಲ್ಲ” ಎಂದಳು ಎರ್ಸೀಲಿಯಾ. “ಹಾಗಾಗಿ ನನ್ನ ತೀರ್ಮಾನ. ಮದುವೆಗೆ ಮೊದಲನೆಯದೇ, ಉಳಿದ ಐವತ್ತೊಂಬತ್ತೂ.”

ಓರೆಸ್ತೆಯವರಿಗೆ ಹೋದ ಜೀವ ಬಂತು. ಬಟ್ಟಲೆತ್ತಿ ಗುಟುಕರಿಸಿದರು. ಅಬ್ಬಾ, ಎಂಥ ಪರಿಮಳ! ಎದೆ ಉಬ್ಬಿತು, ಗಂಟಲು ಸರಿಮಾಡಿಕೊಂಡು ಬೀಗರತ್ತ ತಿರುಗಿದರು. “ನೋಡಿ ಬೀಗರೇ, ಮದುವೆ ದಿನ ಎಲ್ಲರಿಗೂ ಹೇಳ್ತೀನಿ, ಈ ವೈನಿನ ವಿಶೇಷ ಏನಪ್ಪಾ ಅಂದ್ರೆ...”

“ನೀವು ಸುಮ್ನಿರಿ” ಎಂದಳು ಎರ್ಸೀಲಿಯಾ, ಅವರ ತಟ್ಟೆಗೆ ಮಾಂಸದ ಒಳ್ಳೆಯ ತುಂಡನ್ನೇ ಬಡಿಸುತ್ತಾ. “ಇದರ ಬಗ್ಗೆ ಬೀಗರು ಮಾತಾಡ್ಲಿ. ನಿಮಗೆ ಇದರ ಪರಿಚಯ ಆಗಿದ್ದು ಇವತ್ತು ತಾನೆ?”