ಮಾವ ಆರ್ ಕಮಿಂಗ್

ಈ ಬೇಸಿಗೆ ಮುಗಿಯುವುದರೊಳಗೆ ಇಂಗ್ಲಿಷ್, ಲ್ಯಾಟಿನ್ ಎರಡರ ವ್ಯಾಕರಣವನ್ನೂ ಅರೆದು ಕುಡಿಯುತ್ತೇನೆ ಎಂದು ಹೊನ್ನಾಳಿಯ ನಮ್ಮ ಮನೆಯಲ್ಲಿ ನಾನು ಘೋಷಿಸಿದೆ. ಮೊಬೈಲಿನಲ್ಲಿ ಪಾಠ ಶುರುವಾಯಿತು. ಲ್ಯಾಟಿನ್ನಿಗೆ ಮನಸೋತೇಬಿಟ್ಟೆ! ‘ವೆನಿಟ್’ ಅಂದರೆ ಬರುತ್ತಾನೆ, ‘ವೆನಿಯುಂಟ್’ ಅಂದರೆ ಬರುತ್ತಾರೆ.

“ನೋಡು ಕಲ್ಪನಾ, ಥೇಟ್ ಕನ್ನಡ! ಕ್ರಿಯಾಪದದ ಬಾಲ ನೋಡಿದ್ರೆ ಸಾಕು, ಬರೋ ತಲೆಗಳ ಲೆಕ್ಕ ಸಿಗ್ತೈತೆ.”

“ಬಾಲ ಆಮೇಲೆ ನೋಡ್ರಿ, ಮೊದ್ಲು ಹಾಲು ನೋಡ್ರಿ, ಉಕ್ತೈತೆ” ಅಂದಳು ಹೆಂಡತಿ.

ಅಷ್ಟರಲ್ಲಿ ಚನ್ನಗಿರಿಯಿಂದ ಬಾಮೈದ ಮಾಲತೇಶನ ಮೆಸೇಜು: “ಫಾದರ್ ಆರ್ ಕಮಿಂಗ್ ಟುಮಾರೋ. ದೇ ವಿಲ್ ಈಟ್.”

ಕಲ್ಪನಾಳ ಕಣ್ಣು ತುಂಬಿತು. ಅವಳಪ್ಪ ಮಹೇಶ್ವರಪ್ಪನವರು ನಮ್ಮ ಮದುವೆಯಾದ ಮೇಲೆ ನಮ್ಮ ಹೊಸಿಲು ತುಳಿದಿರಲಿಲ್ಲ. ಕಾರಣವೂ ವ್ಯಾಕರಣವೇ. ನಾನು ಹುಟ್ಟಿ ಬೆಳೆದ ಬಿಳಿಚೋಡಿನ ಮನೆಯಲ್ಲಿ ಹೆತ್ತಪ್ಪನಿಗೂ ‘ಬಾ’ ಅನ್ನುತ್ತೇವೆ. ಅವರ ಮನೆಯಲ್ಲಿ ಕರುವಿಗೂ ‘ಬರ್ರಿ’! ಧಾರೆಯ ದಿನ ನಾನು ಪ್ರೀತಿ ಉಕ್ಕಿ ‘ಬಾ ಮಾವ, ಉಣ್ಣು’ ಅಂದುಬಿಟ್ಟಿದ್ದೆ. ಅಂದಿನಿಂದ ಅವರ ಬಾಯಲ್ಲಿ ನಾನು ಬರೀ ‘ಅವನು’.

“ಒಬ್ಬರಲ್ಲ ಕಣೇ” ಎಂದೆ, ಮೆಸೇಜಿಗೆ ಬೆರಳಿಟ್ಟು. “‘ಆರ್’ ಐತೆ, ‘ದೇ’ ಐತೆ. ಪಕ್ಕಾ ಬಹುವಚನ. ಫಾದರ್‌ಗೆ ‘ಎಸ್’ ಹಚ್ಚೋದು ಮರೆತಾನೆ ನಿನ್ ತಮ್ಮ. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ, ಎಲ್ಲಾ ವೆನಿಯುಂಟ್!”

“ಮಾಲತೇಶ ಅಪ್ಪಾಜಿಗೆ ಮರ್ಯಾದೆ ಕೊಟ್ಟಾನೆ ಅಷ್ಟೇ ರೀ.”

“ಇಂಗ್ಲಿಷಿನಾಗೆ ಕ್ರಿಯಾಪದ ಮರ್ಯಾದೆ ಕೊಡಲ್ಲ, ಲೆಕ್ಕ ಕೊಡ್ತೈತೆ.”

ಮಾಲತೇಶನ ಫೋನ್ ಹತ್ತಲಿಲ್ಲ. ವ್ಯಾಕರಣ ಗೆದ್ದಿತು. ಪಕ್ಕದ ಮನೆಯಿಂದ ಹಂಡೆ ಬಂತು, ಬೀದಿಯಿಂದ ಕುರ್ಚಿಗಳು ಬಂದವು, ಅಂಗಳದಲ್ಲಿ ಶಾಮಿಯಾನ ಎದ್ದಿತು. ಹೋಳಿಗೆ ಗೋಪುರದಂತೆ ಬೆಳೆಯಿತು. ಕಲ್ಪನಾ ಲಟ್ಟಣಿಗೆ ತೋರಿಸಿ ನನಗೆ ಒಂದೇ ಪಾಠ ಹೇಳಿಕೊಟ್ಟಳು: “ಬರ್ರಿ, ಕುಂದರ್ರಿ, ಉಣ್ರಿ. ಇದು ತಪ್ಪಿದ್ರೆ ಅಪ್ಪಾಜಿ ಮತ್ತೆ ಬರಲ್ಲ.”

ಬೆಳಗಿನಿಂದ ಜಪಿಸಿದೆ. ಮಧ್ಯಾಹ್ನ ಗೇಟು ಕಿರುಗುಟ್ಟಿತು. ಬಗಲಲ್ಲಿ ಕೊಡೆ ಸಿಕ್ಕಿಸಿಕೊಂಡು ಮಾವ ನಿಂತಿದ್ದರು. ಹಿಂದೆ ಬೀದಿಯೆಲ್ಲ ಖಾಲಿ. ಒಬ್ಬರೇ! ನನ್ನ ತಲೆಯಲ್ಲಿ ‘ವೆನಿಟ್’ ಗಂಟೆ ಹೊಡೆಯಿತು, ಬಾಯಿ ತಾನಾಗಿ ತೆರೆಯಿತು:

“ಬಾ ಮಾವ... ಒಬ್ಬನೇ ಬಂದ್ಯಾ?”

ಲಟ್ಟಣಿಗೆ ಕೆಳಗೆ ಬಿದ್ದ ಸದ್ದು ಅಡುಗೆಮನೆಯಿಂದ ಕೇಳಿತು.

ಮಾವ ಶಾಮಿಯಾನ ನೋಡಿದರು. ಸಾಲಾಗಿ ಹಾಸಿದ ಬಾಳೆಎಲೆ ನೋಡಿದರು. “ಇಷ್ಟೆಲ್ಲ ಯಾರಿಗವ್ವಾ?”

“ನಿಮಗೇ ಅಪ್ಪಾಜಿ” ಎಂದಳು ಓಡಿ ಬಂದ ಕಲ್ಪನಾ, ಅಳುವ ದನಿಯಲ್ಲಿ. “ನಿಮ್ಮನ್ನ ಬಹುವಚನದಾಗೆ ಲೆಕ್ಕ ಹಾಕ್ಯಾರೆ ಇವರು.”

ಮಾವ ಮೊದಲ ಎಲೆಯ ಮುಂದೆ ಕುಳಿತರು. ಮೀಸೆ ಮೆಲ್ಲಗೆ ಅಲುಗಿತು. “ಎಲೆ ಬಹುವಚನ, ಬಾಯಿ ಏಕವಚನ. ಇರ್ಲಿ, ಮನಸು ಒಳ್ಳೇದೈತೆ” ಎಂದು ಹೋಳಿಗೆ ಮುರಿದರು. ಆಮೇಲೆ ತಲೆ ಎತ್ತದೆಯೇ ಹೇಳಿದರು: “ಕಲ್ಪನಾ, ಅಳಿಯಂದಿರಿಗೂ ಬಡಿಸವ್ವ. ಪಾಪ, ನಿಂತೇ ಅದಾರೆ.”

ನಾನು ಗಾಬರಿಯಾಗಿ ಹಿಂದೆ ತಿರುಗಿ ನೋಡಿದೆ, ಉಳಿದ ಅಳಿಯಂದಿರು ಯಾವಾಗ ಬಂದರು ಅಂತ.

“ನೀವೇ ರೀ!” ಅಂದಳು ಕಲ್ಪನಾ. “ಕುಂದರ್ರಿ.”