ಮಾವಿನ ಪಾತಿಯ ಬೆರಕೆ ಸೊಪ್ಪು

ಸಸಿ ನೆಡುವವನಿಗೆ ಎಲ್ಲರೂ ಶಹಬ್ಬಾಸ್ ಎನ್ನುತ್ತಾರೆ, ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಕಳೆ ಕೀಳುವವನ ಫೋಟೋ ಯಾರಾದರೂ ತೆಗೆದಿದ್ದಾರೆಯೇ? ತೆಗೆದರೂ ಅದರಲ್ಲಿ ಮುಖ ಬೀಳುವುದಿಲ್ಲ ಬಿಡಿ. ನಾನೂ ಫೋಟೋದ ತನಕ ಚೆನ್ನಾಗಿಯೇ ಇದ್ದೆ. ಬಿಂಡಿಗನವಿಲೆ ಪಕ್ಕದ ನಮ್ಮ ಹೊಲದಲ್ಲಿ ಕಸಿ ಮಾವು ನೆಟ್ಟು, ಪಾತಿ ಮಾಡಿ, ದಿನಾ ಸಂಜೆ ಕೊಡದಲ್ಲಿ ನೀರು ಹೊತ್ತು ಹಾಕಿದೆ. ನಾಗಮಂಗಲದ ಕಚೇರಿಯಲ್ಲಿ ಕುರ್ಚಿ ಸವೆಸುವ ಸೊಂಟ ಇಷ್ಟಾದರೂ ಬಗ್ಗಿತಲ್ಲ ಎಂದು ನನಗೇ ಹೆಮ್ಮೆ. ಒಂದು ಮಳೆ ಬಿತ್ತು ನೋಡಿ, ಮಾವು ಎಲ್ಲಿದೆ ಎಂದು ಹುಡುಕಬೇಕಾಯಿತು. ನನ್ನ ನೀರು ಕುಡಿದು ಕಳೆ ಮೊಣಕಾಲೆತ್ತರ ಎದ್ದಿತ್ತು, ಮಾವಿನ ಎಲೆ ಹಳದಿಯಾಗಿತ್ತು.

ಮೊದಲು ಗುದ್ದಲಿ ಹಿಡಿದೆ. ಎರಡನೇ ಏಟಿಗೇ ಒಂದು ಸಸಿಯ ಬೇರು ಕತ್ತರಿಸಿಹೋಯಿತು. ಕಳೆಗೆ ಏನೂ ಆಗಲಿಲ್ಲ. ಮಾರನೆಯ ದಿನ ಕಚೇರಿಯಲ್ಲಿ ಅರಕೆರೆಯ ಗೆಳೆಯ ನಂಜುಂಡನ ಮುಂದೆ ಗೋಳು ತೋಡಿಕೊಂಡೆ.

"ಔಸ್ದಿ ಒಡ್ದ್‌ಬುಡ್ಲಾ, ವಾರಕ್ಕೆಲ್ಲಾ ಸುಟ್ಟೋಯ್ತದೆ."

"ಮಾವು?"

"ಅದೂವೆ ಒಸಿ ಸುಟ್ಟೋಯ್ತದೆ." ಆಮೇಲೆ ನನ್ನ ಮುಖ ನೋಡಿ ಕನಿಕರಪಟ್ಟ. "ಅಂಗಾರೆ ಕೈಲೇ ಕಿತ್ತು ಕಬ್ಬಿನ್ ತರಗು ಮುಚ್ಲಾ. ಬುಡಕ್ಕೆ ತಾಕಿಸ್‌ಬ್ಯಾಡ, ಕೊಳ್ತೋಯ್ತದೆ. ತರಗು ನಾನೇ ಕಳುಸ್ತೀನಿ."

ಹುರುಪಿನಿಂದ ಹೊಲಕ್ಕೆ ಹೋದರೆ ಅಲ್ಲಿ ನಮ್ಮ ಅವ್ವ, ನೆರೆಮನೆಯ ಕೆಂಪಕ್ಕನ ಜೊತೆ ಮಡಿಲು ಕಟ್ಟಿಕೊಂಡು ಪಾತಿಯಲ್ಲೇ ಕೂತಿದ್ದಳು. ನಾನು ಕಳೆ ಎನ್ನುವುದನ್ನು ಅವ್ವ ಬೆರಕೆ ಸೊಪ್ಪು ಎನ್ನುತ್ತಾಳೆ. ಅಣ್ಣೆ, ಗಣಿಕೆ, ಕಿರಕಸಾಲೆ ಎಲ್ಲ ಕೂಡಿಸಿ ಸಾರು ಮಾಡಿದರೆ ಇನ್ನೊಂದು ಮುದ್ದೆ ತಾನಾಗಿ ಇಳಿಯುತ್ತದೆ, ಸುಳ್ಳಲ್ಲ. ಆದರೆ ಇಬ್ಬರೂ ಚಿವುಟುತ್ತಿದ್ದದ್ದು ಕುಡಿ ಮಾತ್ರ. ಚಿವುಟಿದಷ್ಟೂ ಕವಲೊಡೆದು ಕಳೆ ಇನ್ನಷ್ಟು ಪೊದೆಯಾಗುತ್ತಿತ್ತು.

"ಬೇರು ಸಮೇತ ಕೀಳವ್ವ."

"ಕಿತ್‌ಬುಟ್ರೆ ನಾಳಿಕ್ಕೆ ಸಾರಿಗೇನ್ಲಾ ಆಕ್ಲಿ? ನಿನ್ ಮಾವಿನೆಲೆಯಾ?"

"ಗಿಡ ಸತ್ತೋಯ್ತದೆ ಕಣವ್ವ."

"ಅದು ಯಾವಾಗ್ಲಾ ಕಾಯ್ ಬುಡದು?"

"ನಾಕೈದು ವರ್ಸ ಆಯ್ತದೆ."

"ಅಲ್ಲೀಗಂಟ ಏನ್ಲಾ ಉಣ್ಣದು?"

ಕೆಂಪಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು. ಆ ಭಾನುವಾರ, ಮಳೆಯ ಹಸಿ ಆರುವ ಮುಂಚೆ, ಕುಕ್ಕರುಗಾಲಲ್ಲಿ ಕೂತು ಎಲ್ಲ ಪಾತಿಯ ಕಳೆಯನ್ನೂ ಕೈಯಲ್ಲೇ ಕಿತ್ತೆ. ಬುಡದ ಸುತ್ತ ಗೇಣು ಜಾಗ ಬಿಟ್ಟು ದಪ್ಪಗೆ ತರಗು ಹೊದಿಸಿದೆ. ಅವ್ವ ಮಾತು ಬಿಟ್ಟಳು. ಮನೆಯಲ್ಲಿ ಬೇಳೆ ಸಾರು ಶುರುವಾಯಿತು, ಅದೂ ನೀರು ನೀರಾಗಿ.

ಗುದ್ದಲಿ ತಾಕಿದ ಆ ಒಂದನ್ನು ಬಿಟ್ಟು ಉಳಿದ ಸಸಿಗಳೆಲ್ಲ ತಿಂಗಳೊಳಗೆ ಕೆಂಪಗೆ ಚಿಗುರಿದವು. ಗೆದ್ದೆ ಎಂದು ಹೇಳಿಕೊಳ್ಳಲು ಮನೆಯಲ್ಲಿ ಕೇಳುವವರಿರಲಿಲ್ಲ, ಮತ್ತು ನಿಜ ಹೇಳಬೇಕೆಂದರೆ ಆ ಬೇಳೆ ಸಾರು ನನಗೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೊನೆಗೆ ಅವ್ವನ ಜೊತೆ ರಾಜಿಗೆ ಬಂದೆ. ಮಾವಿನಿಂದ ದೂರ, ಹೊಲದ ಮೂಲೆಯಲ್ಲಿ ಬೆರಕೆ ಸೊಪ್ಪಿಗೆಂದೇ ಒಂದು ಪಾತಿ ಮಾಡಿ, ಕಳೆಬೀಜ ಉದುರಿಸಿ, ಗೊಬ್ಬರವನ್ನೂ ಹಾಕಿದೆ. ಈಗ ಸಂಜೆ ಮಾವಿಗೆ ಒಂದು ಕೊಡ ನೀರಾದರೆ ಕಳೆಗೆ ಎರಡು. ಮೊನ್ನೆ ಆ ಪಾತಿಯಲ್ಲಿ, ಯಾರೋ ತಿಂದೆಸೆದ ವಾಟೆಯಿಂದ ಇರಬೇಕು, ಒಂದು ಮಾವಿನ ಸಸಿ ತಾನಾಗಿ ಹುಟ್ಟಿತ್ತು. ಸೊಪ್ಪಿಗೆ ಅಡ್ಡ ಎಂದು ಬೇರು ಸಮೇತ ಕಿತ್ತೆಸೆದೆ.