ಬಾಂದ್ರಾದ ಬುದ್ಧಿವಂತ ಎ.ಸಿ.

ಕಟ್ಟಡಗಳಿಗೆ ಬುದ್ಧಿ ಬಂದಾಗಿನಿಂದ ನಮ್ಮ ಕೆಲಸದಲ್ಲಿ ನಗುವಿಗೆ ಬರವಿಲ್ಲ. ಹೊಸ ಕಟ್ಟಡದ ಎ.ಸಿ.ಯನ್ನು ಮೊದಲ ಸಲ ಚಾಲೂ ಮಾಡಿ, ಪರೀಕ್ಷಿಸಿ, ಮಾಲೀಕರಿಗೆ ಒಪ್ಪಿಸುವುದು ನನ್ನ ಉದ್ಯೋಗ. ಮುಂಬಯಿಯ ಫೋರ್ಟಿನ ಹಳೆಯ ಆಫೀಸುಗಳಲ್ಲಿ ಕಲಿತೆ. ನಿವೃತ್ತನಾಗಿ ಭಾಂಡುಪಿನ ಮನೆಯಲ್ಲಿ ಕೂತೆ. ಕಂಪನಿಯವರು ಮತ್ತೆ ಕರೆದರು. ಹೋದೆ.

ಈ ಸಲ ಬಾಂದ್ರಾದ ಒಂದು ಆಫೀಸು. ಕೆಲಸದ ಮುಖ್ಯಸ್ಥೆ ಬೆಳಗಾವಿ ಕಡೆಯ ಹುಡುಗಿ, ಇಂಜಿನಿಯರ್. ನನ್ನನ್ನು ಕಾಕಾ ಅನ್ನುತ್ತಾಳೆ. ಅವಳ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಗಿತ್ತು. ಆದರೆ ಎ.ಸಿ. ಪಾಸಾಗಿ ಸಹಿ ಬೀಳುವವರೆಗೆ ರಜೆಯಿಲ್ಲ ಎಂದು ಕಂಪನಿ ಹೇಳಿತ್ತು. ಊರಿಂದ ಅವಳ ತಾಯಿ ದಿನಾ ಫೋನ್ ಮಾಡುತ್ತಿದ್ದರು.

"ಥಂಡ ಆತೇನ ನಿಮ್ಮ ಎ.ಸಿ.?"

"ಇನ್ನೂ ಟೆಸ್ಟಿಂಗ್ ನಡದದ ಮಮ್ಮಿ."

"ಬೀಗರು ಬಂದಾಗ ನಿನ್ನ ಬದಲಿ ಆ ಲ್ಯಾಪ್‌ಟಾಪ್ ಕೂಡ್ರಸಲೇನ?"

ಪೇಪರಿನ ಪರೀಕ್ಷೆ

ನಮ್ಮ ಕಾಲದಲ್ಲಿ ಗಾಳಿ ಬರುತ್ತಿದೆಯೇ ಎಂದು ನೋಡಲು ಜಾಲರಿಯ ಮುಂದೆ ಪೇಪರ್ ಹಿಡಿಯುತ್ತಿದ್ದೆವು. ಪೇಪರ್ ಹಾರಿದರೆ ಪಾಸು.

"ಕಾಕಾ, ಈಗ ಅದೆಲ್ಲಾ ಬ್ಯಾಡ್ರಿ. ಸ್ಕ್ರೀನ್ ನೋಡ್ರಿ, ಸಬ್ ಕುಛ್ ಹಸರು ಅದ" ಎಂದಳು.

ನಾನು ನಂಬಲಿಲ್ಲ. ಏಣಿ ಹತ್ತಿ, ಅಂದಿನ ಪತ್ರಿಕೆಯ ಪೂರ್ತಿ ಹಾಳೆ ಬಿಡಿಸಿ ಹಿಡಿದೆ. ಅದು ನನ್ನ ಕೈಯಿಂದ ಕಿತ್ತುಕೊಂಡು ಹೋಗಿ ಜಾಲರಿಗೆ ಅಂಟಿಕೊಂಡಿತು. ನಾನು ನಿಂತದ್ದು ಗಾಳಿ ಹೊರಗೆ ಬರುವ ಕಡೆಯಲ್ಲ, ಒಳಗೆ ಎಳೆಯುವ ಕಡೆ.

ಲ್ಯಾಪ್‌ಟಾಪ್ ಕೀಂ ಎಂದು ಕೂಗಿತು. ಕೆಂಪು ದೀಪ. "ಗಾಳಿಯ ದಾರಿಗೆ ಅಡ್ಡಿ."

"ಕಾಕಾ," ಎಂದಳು, "ಇಡೀ ಬಿಲ್ಡಿಂಗಿನ್ಯಾಗ ಒಂದ ಫಾಲ್ಟ್ ಅದ. ಏಣಿ ಮ್ಯಾಲೆ ನಿಂತದ."

ಯಾರೂ ಇಲ್ಲದ ಅಕೌಂಟ್ಸ್

ಎ.ಸಿ. ಪಾಸಾಗುವ ಮೊದಲೇ ಅಕೌಂಟ್ಸ್‌ನವರು ಮಾತ್ರ ಬಂದು ಕೂತಿದ್ದರು. ಊಟವಾದ ಮೇಲೆ ಎ.ಸಿ. ತಾನಾಗಿಯೇ ನಿಲ್ಲುತ್ತದೆ ಎಂದು ದೂರು ಕೊಟ್ಟರು. ಲ್ಯಾಪ್‌ಟಾಪ್ ನೋಡಿದೆವು. "ಕೋಣೆಯಲ್ಲಿ ಯಾರೂ ಇಲ್ಲ" ಎಂದು ಬರೆದಿತ್ತು.

ಹೋಗಿ ನೋಡಿದರೆ ಎಲ್ಲರೂ ಇದ್ದಾರೆ. ಆದರೆ ಒಬ್ಬರೂ ಅಲುಗಾಡುತ್ತಿಲ್ಲ. ಜನ ಮಿಸುಕಾಡಿದರಷ್ಟೇ ಆ ಯಂತ್ರಕ್ಕೆ ಜನ.

"ಸ್ವಲ್ಪ ಕೈಯಾದರೂ ಆಡಿಸಿ" ಎಂದೆ. ಅವರು ಶಿಸ್ತಿನ ಮಂದಿ. ಪಾಳಿ ಹಾಕಿಕೊಂಡು ಒಬ್ಬೊಬ್ಬರಾಗಿ ತಲೆಯ ಮೇಲೆ ಕೈ ಬೀಸತೊಡಗಿದರು. ಗಾಜಿನ ಗೋಡೆಯಾಚೆ ಹೋಗುತ್ತಿದ್ದ ಮಾಲೀಕರೂ ನಗುತ್ತ ಕೈ ಬೀಸಿದರು. ಮರುದಿನವೂ ಬೀಸಿದರು.

ವಾರ ಕಳೆದ ಮೇಲೆ ನನಗೆ ಹೇಳಿದರು: "ನನ್ನ ಆಫೀಸಿನಲ್ಲಿ ಪ್ರೀತಿ ಇರುವುದು ಅಕೌಂಟ್ಸ್‌ನಲ್ಲಿ ಮಾತ್ರ."

ಮಾಲೀಕರ ಸೆಖೆ

ಈ ಮಾಲೀಕರಿಗೆ ಕ್ಯಾಬಿನ್ನಿನಲ್ಲಿ ಯಾವಾಗಲೂ ಸೆಖೆ. ಹುಡುಗಿ ಸ್ಕ್ರೀನ್ ತೋರಿಸಿದಳು, ಗ್ರಾಫ್ ತೋರಿಸಿದಳು. ಅವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು.

ಅವಳಿಗೆ ಹಳೆಯ ಉಪಾಯ ಹೇಳಿಕೊಟ್ಟೆ. ಫೋರ್ಟಿನಲ್ಲಿ ಇಂಥ ಸಾಹೇಬರ ಗೋಡೆಗೆ ತಂಪು ಹೆಚ್ಚಿಸುವ ಒಂದು ಗುಂಡಿ ಹಚ್ಚುತ್ತಿದ್ದೆವು. ಅದಕ್ಕೆ ತಂತಿಯೇ ಇರುತ್ತಿರಲಿಲ್ಲ. ಸಾಹೇಬರು ತಿರುಗಿಸಿಕೊಂಡು ತಣ್ಣಗಿರುತ್ತಿದ್ದರು.

ಅವಳು ಅದನ್ನೇ ಮಾಲೀಕರ ಮೊಬೈಲಿನಲ್ಲಿ ಮಾಡಿಕೊಟ್ಟಳು. ನೀಲಿ ಬಣ್ಣದ ಗೆರೆ. ಬೆರಳಿನಿಂದ ಎಳೆದರೆ ಹಿಮದ ಚಿತ್ರ ಉದುರುತ್ತದೆ. ಬೇರೇನೂ ಆಗುವುದಿಲ್ಲ.

ಮಾಲೀಕರು ಒಮ್ಮೆ ಎಳೆದರು. ಎದ್ದು ಹೋಗಿ ಕೋಟು ಹಾಕಿಕೊಂಡು ಬಂದರು.

ಕೊನೆಯ ಪರೀಕ್ಷೆ

ಉಳಿದದ್ದು ಹೊಗೆಯ ಪರೀಕ್ಷೆ. ಹೊಗೆ ಕಂಡರೆ ಎ.ಸಿ. ನಿಲ್ಲಬೇಕು, ಹೊಗೆ ಎಳೆಯುವ ಫ್ಯಾನು ತಿರುಗಬೇಕು, ಸೈರನ್ ಕೂಗಬೇಕು, ಜನ ಹೊರಗೆ ಹೋಗಬೇಕು. ನೋಡಿ ಸಹಿ ಹಾಕುವ ಪರೀಕ್ಷಕ ಪರದೇಶದಲ್ಲಿದ್ದ. ಎಲ್ಲವನ್ನೂ ಕ್ಯಾಮೆರಾದಲ್ಲೇ ನೋಡುತ್ತಾನೆ. ಮಧ್ಯಾಹ್ನ ಸಿಗುತ್ತೇನೆ ಎಂದಿದ್ದ. ಹುಡುಗಿಯ ರೈಲು ಅದೇ ಸಂಜೆಗೆ. ನಿಶ್ಚಿತಾರ್ಥ ಮರುದಿನ.

ಅದೇ ಮಧ್ಯಾಹ್ನ ಮಾಲೀಕರು ಹೊಸ ಆಫೀಸಿನಲ್ಲಿ ಸತ್ಯನಾರಾಯಣ ಪೂಜೆ ಇಟ್ಟರು. ಮುಹೂರ್ತ ಮುಂದೂಡುವಂತಿಲ್ಲ. ಧೂಪಕ್ಕೆ ಸೈರನ್ ಕೂಗಬಾರದೆಂದು ಹುಡುಗಿ ಲ್ಯಾಪ್‌ಟಾಪಿನಿಂದ ಹೊಗೆಯ ಡಿಟೆಕ್ಟರ್‌ಗಳನ್ನು ಬಂದ್ ಮಾಡಿದಳು. ಪೂಜೆ ಮುಗಿಯಲಿ, ಆಮೇಲೆ ಪರೀಕ್ಷೆ ಮಾಡೋಣ ಎಂದು ಪರೀಕ್ಷಕನಿಗೆ ಮೆಸೇಜ್ ಹಾಕಿದಳು. ಆತ ಮೆಸೇಜ್ ನೋಡಲಿಲ್ಲ. ಡಿಟೆಕ್ಟರ್ ಬಂದ್ ಇರುವುದು ನೋಡಿದ. ಕೂತಲ್ಲಿಂದಲೇ ಚಾಲೂ ಮಾಡಿದ.

ಪೂಜೆಯ ಕಥೆ ಅರ್ಧಕ್ಕೆ ಬಂದಿತ್ತು. ಭಟ್ಟರು ಧೂಪಕ್ಕೆ ಇನ್ನೊಂದು ಹಿಡಿ ಹಾಕಿದರು. ಎ.ಸಿ. ನಿಂತಿತು. ಫ್ಯಾನು ಗರ್ಜಿಸಿತು. ಸೈರನ್ ಬಡಿದುಕೊಂಡಿತು. "ಕಟ್ಟಡ ಬಿಟ್ಟು ಹೊರಡಿ" ಎಂದು ಯಂತ್ರ ಇಂಗ್ಲಿಷ್, ಹಿಂದಿ, ಮರಾಠಿಯಲ್ಲಿ ಬೇಡಿಕೊಂಡಿತು.

ಒಬ್ಬರೂ ಏಳಲಿಲ್ಲ. ಕಥೆಯ ನಡುವೆ, ಪ್ರಸಾದ ತೆಗೆದುಕೊಳ್ಳದೆ ಎದ್ದರೆ ಕೆಡುಕಂತೆ. ಮಾಲೀಕರ ಹೆಂಡತಿ ಮಾಲೀಕರ ಪಂಚೆ ಹಿಡಿದು ಕೂರಿಸಿದ್ದರು.

ಹುಡುಗಿಯ ಫೋನ್ ರಿಂಗಣಿಸಿತು. ಪರೀಕ್ಷಕ. "ಯಂತ್ರ ಎಲ್ಲ ಸರಿ. ಆದರೆ ಜನ ಹೊರಗೆ ಹೋಗುತ್ತಿಲ್ಲ. ನಾನು ಫೇಲ್ ಮಾಡಬೇಕಾಗುತ್ತದೆ."

"ಕಾಕಾ, ನನ್ನ ಉಂಗುರ ಹೋತ್ರಿ" ಎಂದಳು. ಕಣ್ಣಲ್ಲಿ ನೀರು.

ನಾನು ಭಟ್ಟರ ಕಿವಿಯಲ್ಲಿ ಕೇಳಿದೆ: "ಉಳಿದ ಕಥೆ ಕೆಳಗೆ ಹೋಗಿ ಓದಿದರೆ ನಡೆಯುತ್ತದೆಯೇ?"

ಭಟ್ಟರು ಯೋಚಿಸಿದರು. "ದೇವರು ಜೊತೆಗಿದ್ದರೆ ನಡೆಯುತ್ತದೆ."

ಎಡಗೈಯಲ್ಲಿ ಕಳಶ, ಬಲಗೈಯಲ್ಲಿ ಗಂಟೆ ಹಿಡಿದು ಎದ್ದರು. ಗಂಟೆ ಬಾರಿಸುತ್ತ ಮೆಟ್ಟಿಲಿಳಿದರು. ಹಿಂದೆ ಪ್ರಸಾದದ ಶಿರಾ ಪಾತ್ರೆ ಹೊತ್ತ ಮಾಲೀಕರು. ಅವರ ಹಿಂದೆ ಇಡೀ ಆಫೀಸು, ಸಾಲಾಗಿ, ಕೈಮುಗಿದುಕೊಂಡು. ನೂಕುನುಗ್ಗಲಿಲ್ಲ.

ಫೋನಿನಲ್ಲಿ ಪರೀಕ್ಷಕ: "ಇಷ್ಟು ಶಿಸ್ತು ನಾನು ಎಲ್ಲೂ ನೋಡಿಲ್ಲ. ಆದರೆ ಮುಂದೆ ಒಬ್ಬರು ಗಂಟೆ ಬಾರಿಸುತ್ತ ಹೋದರಲ್ಲ, ಆ ವ್ಯವಸ್ಥೆ ನಕ್ಷೆಯಲ್ಲಿ ಕಾಣುತ್ತಿಲ್ಲವಲ್ಲ?"

ಫೋನ್ ನಾನೇ ತೆಗೆದುಕೊಂಡೆ.

"ಅದು ಬ್ಯಾಕಪ್" ಎಂದೆ.

ಸಹಿ ಬಿತ್ತು. ಅಂಗೈಯಲ್ಲಿ ಪ್ರಸಾದ ಹಿಡಿದುಕೊಂಡೇ ಹುಡುಗಿ ಸ್ಟೇಷನ್ನಿನ ರಿಕ್ಷಾ ಹತ್ತಿದಳು. ಸಹಿಯ ಕೆಳಗೆ ಪರೀಕ್ಷಕ ಒಂದು ಸಲಹೆ ಬರೆದಿದ್ದ: "ಗಂಟೆಯವರನ್ನು ಪ್ರತಿ ಮಹಡಿಗೂ ಒಬ್ಬರಂತೆ ನೇಮಿಸಿ."

ಭಟ್ಟರಿಗೆ ಓದಿ ಹೇಳಿದೆ. ಶಿರಾ ತಿನ್ನುತ್ತ ತಲೆಯಾಡಿಸಿದರು.

"ಶ್ರಾವಣದಲ್ಲಿ ಮಾತ್ರ ಬೆಂಕಿ ಹತ್ತಿಸಬೇಡಿ. ನನಗೆ ಪುರುಸೊತ್ತಿರುವುದಿಲ್ಲ."